ಕರಟದ ವಾಷರ್

ಬೆಳಗಿನಿಂದ ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ. ಪಾತ್ರೆಗೆ ಹನಿ ಬೀಳುವ ಸದ್ದು ಕೇಳಿದರೆ ನಿಮಗೆ ಪ್ಲಂಬರ್ ನೆನಪಾಗಬಹುದು. ನನಗೆ ನಮ್ಮ ಮಾವ ನೆನಪಾಗುತ್ತಾರೆ.

ತೊಂಬತ್ತರ ದಶಕದಲ್ಲಿ ನಾನು ಹೊನ್ನವಳ್ಳಿ ಹತ್ತಿರದ ಈ ತೋಟದ ಮನೆಗೆ ಸೊಸೆಯಾಗಿ ಬಂದಾಗ ಅಡುಗೆಮನೆಯಲ್ಲಿ ನಲ್ಲಿಯೇ ಇರಲಿಲ್ಲ. ಬೋರ್‌ವೆಲ್ಲಿನ ನೀರು ಕೊಟ್ಟಿಗೆಯ ಪಕ್ಕದ ತೊಟ್ಟಿಗೆ ಬೀಳುತ್ತಿತ್ತು. ದನಕ್ಕೂ ಅದೇ, ಸಾರಿಗೂ ಅದೇ. ಕೊಡ ಹೊತ್ತು ಹೊತ್ತು ಸಾಕಾಗಿ, ಗಂಡನ ಬೆನ್ನು ಹತ್ತಿ, ತಾರಸಿಯ ಮೇಲೆ ಟ್ಯಾಂಕ್ ಕಟ್ಟಿಸಿ ಒಂದು ಹಿತ್ತಾಳೆಯ ನಲ್ಲಿ ಹಾಕಿಸಿಕೊಂಡೆ. ಒಡವೆ ಮಾಡಿಸಿಕೊಂಡಾಗಲೂ ನಾನು ಅಷ್ಟು ಬೀಗಿರಲಿಲ್ಲ.

ವರ್ಷ ತಿರುಗುವಷ್ಟರಲ್ಲಿ ಅದು ಸೋರತೊಡಗಿತು. ಟ್ಯಾಂಕ್ ಖಾಲಿಯಾದರೆ ಕರೆಂಟು ಬರುವ ತನಕ ನೀರಿಲ್ಲ. ಮೊದಲಿನಿಂದಲೂ ನಲ್ಲಿಯನ್ನು ಕಂಡರಾಗದ ಅತ್ತೆಗೆ ಇಷ್ಟು ಸಾಕಾಯಿತು.

"ಸಂತೆ ದಿನದೊಳಗೆ ನಿಲ್ದಿದ್ರೆ ಅದರ ಬಾಯಿ ಮುಚ್ಚಿಸ್ಬುಡಿ. ತೊಟ್ಟೀಲಿ ನೀರೈತೆ" ಎಂದರು.

ನಮ್ಮ ಮಾವನಿಗೆ ಒಂದು ನಂಬಿಕೆಯಿತ್ತು. ತೆಂಗಿನ ತೋಟ ಇರುವವರು ಸಣ್ಣಪುಟ್ಟದ್ದಕ್ಕೆಲ್ಲ ಅಂಗಡಿಗೆ ಹೋಗುವುದು ಮರಕ್ಕೆ ಮಾಡುವ ಅವಮಾನ. ನಮ್ಮಲ್ಲಿ ಹಗ್ಗ ನಾರಿನದು, ಸೌಟು ಕರಟದ್ದು, ಪೊರಕೆ ಗರಿಯದು. ನಲ್ಲಿಗೂ ಮೊದಲು ನಾರು ಸುತ್ತಿದರು. ಸೋರುವುದು ಒಳಗಿನಿಂದ, ಸುತ್ತಿದ್ದು ಹೊರಗೆ. ನಲ್ಲಿಗೆ ಗಡ್ಡ ಬಂದಂತಾಯಿತೇ ಹೊರತು ಹನಿ ನಿಲ್ಲಲಿಲ್ಲ. ಆಮೇಲೆ ಟ್ಯಾಂಕಿನ ನೀರು ನಿಲ್ಲಿಸಿ ನಲ್ಲಿಯ ತಲೆ ಬಿಚ್ಚಿದರು. ಒಳಗಿದ್ದ ರಬ್ಬರ್ ವಾಷರ್ ಪುಡಿಪುಡಿಯಾಗಿತ್ತು. ಮಾವ ಜಗುಲಿಯಲ್ಲಿ ಕೂತು, ಬಿಚ್ಚಿದ ತಲೆಯಲ್ಲಿ ವಾಷರ್ ಕೂರುವ ಜಾಗಕ್ಕೆ ಮತ್ತೆ ಮತ್ತೆ ಹಿಡಿದು ನೋಡುತ್ತಾ, ಮಧ್ಯಾಹ್ನವಿಡೀ ಅರದಿಂದ ಉಜ್ಜಿ ಕರಟದಲ್ಲೇ ಒಂದು ಬಿಲ್ಲೆ ಮಾಡಿದರು. ಬಿಲ್ಲೆ ಕಚ್ಚಿ ಕೂತಿತು. ನೀರು ಬಿಟ್ಟರೆ ಮೊದಲಿಗಿಂತ ಜೋರಾಗಿ ಸೋರಿತು. ರಬ್ಬರಿನ ಹಾಗೆ ಕರಟ ಅದುಮಿಕೊಳ್ಳುವುದಿಲ್ಲವಲ್ಲ. ನಾನು ನಕ್ಕುಬಿಟ್ಟೆ.

"ನಗಬ್ಯಾಡ ಕಣವ್ವ. ನೀನು ಮತ್ತೆ ಕೊಡ ಹೊರಬಾರ್ದು ಅಂತ ಉಜ್ದೆ" ಎಂದರು ಮಾವ.

ಅಲ್ಲಿಯ ತನಕ ಈ ಮನೆಯಲ್ಲಿ ನಲ್ಲಿ ಬೇಕಾದದ್ದು ನನ್ನೊಬ್ಬಳಿಗೇ ಎಂದುಕೊಂಡಿದ್ದೆ.

ಮರುದಿನವೇ ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಿಪಟೂರಿನ ಬಸ್ಸು ಹತ್ತಿದೆ. ಕೊಬ್ಬರಿ ಹರಾಜಿನ ದಿನ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಲ್ಲಿ ಸಾಮಾನಿನ ಅಂಗಡಿಯವರು ಕೈಗೆ ಸಿಕ್ಕ ವಾಷರ್ ಒಂದನ್ನು ಮುಂದಿಟ್ಟು, "ಎಲ್ಲಾ ಒಂದೇ ಕಣಮ್ಮ, ಆಯ್ತದೆ" ಎಂದರು. ನಾನು ಡಬ್ಬಿಯನ್ನೇ ಸುರಿಸಿಕೊಂಡು, ಕರಟದ ಬಿಲ್ಲೆಯ ಮೇಲೆ ಒಂದೊಂದನ್ನೇ ಇಟ್ಟು ನೋಡಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲದ್ದನ್ನು ಆರಿಸಿದೆ. ಹಿಂದೆ ನಿಂತವರು ಗೊಣಗಿದರು, ಗೊಣಗಲಿ. ಮನೆಗೆ ಬಂದು ನಾನೇ ಹಾಕಿ, ಬಿಗಿದು, ನೀರು ಬಿಟ್ಟೆ. ಹನಿ ನಿಂತಿತು. ಅತ್ತೆ ನಲ್ಲಿಯ ಬಾಯಿಯ ಕೆಳಗೆ ಅಂಗೈ ಹಿಡಿದು ಸ್ವಲ್ಪ ಹೊತ್ತು ಕಾದರು. ಅಂಗೈ ಒಣಗಿಯೇ ಇತ್ತು. ಸಾರಿನ ಪಾತ್ರೆ ತಂದು ಅದೇ ನಲ್ಲಿಗೆ ಹಿಡಿದರು.

ಮಾವ ಈಗಿಲ್ಲ. ಅಡುಗೆಮನೆಗೆ ಟೈಲ್ಸ್ ಬಂದಿದೆ, ಆದರೆ ಹಿತ್ತಾಳೆಯ ನಲ್ಲಿಯನ್ನು ಬದಲಿಸಲು ನಾನು ಬಿಟ್ಟಿಲ್ಲ. ಬಿಲ್ಲೆ ಇವತ್ತಿನ ತನಕ ಸಾಸಿವೆ ಡಬ್ಬಿಯ ಪಕ್ಕದಲ್ಲೇ ಇತ್ತು. ಇಷ್ಟು ವರ್ಷ ಈ ಕಥೆಯನ್ನು ಬಂದವರನ್ನು ನಗಿಸಲು ಹೇಳುತ್ತಿದ್ದೆ. ಗಡ್ಡ ಬಂದ ನಲ್ಲಿಯ ತನಕ ಹೇಳಿ ನಿಲ್ಲಿಸುತ್ತಿದ್ದೆ. ಇವತ್ತು ನಿಮಗೆ ಪೂರ್ತಿ ಹೇಳಿದ್ದೇನೆ. ಹೊಸ ವಾಷರ್ ತರಬೇಕು, ತಿಪಟೂರಿನ ಬಸ್ಸಿಗೆ ಹೊತ್ತಾಯಿತು, ಬಿಲ್ಲೆ ಸೆರಗಿನ ಗಂಟಿನಲ್ಲಿದೆ. ಎಲ್ಲಾ ಒಂದೇ ಎಂದು ಯಾರಾದರೂ ಹೇಳಲಿ, ನನ್ನ ಹತ್ತಿರ ನಮ್ಮ ಮಾವನ ಅಳತೆಯಿದೆ.