ತಂಬಿಗೆಯಲ್ಲಿ ಬಂದ ಬಾವಿ ನೀರು

1986ರ ಫೆಬ್ರವರಿ, ಒಂದು ಮಂಗಳವಾರ, ಬೆಳಿಗ್ಗೆ ಏಳೂಕಾಲು. ಹೆಗ್ಗನಹಳ್ಳಿಯ ಒಂದು ಮನೆಯ ಜಗಲಿಯಲ್ಲಿದ್ದವರು ನಾನು, ನಮ್ಮ ಕಚೇರಿಯ ಅಟೆಂಡರ್, ಮನೆಯ ಅಜ್ಜಿ ಮತ್ತು ಅವರ ಸೊಸೆ.

ಬಾವಿ ನೀರಿನ ಮಾದರಿ ತರಿಸಿ ಪ್ರಯೋಗಾಲಯಕ್ಕೆ ಕಳಿಸುವುದು ಆಗ ನನ್ನ ಕೆಲಸ. ಅವರ ಹಿತ್ತಲಿನ ಪಕ್ಕದಲ್ಲೇ ಸೈಕಲ್ ಹ್ಯಾಂಡಲ್‌ಗೆ ಕ್ರೋಮ್ ಲೇಪ ಹಿಡಿಸುವ ಶೆಡ್ ಇತ್ತು. ತೊಟ್ಟಿ ತೊಳೆದ ನೀರನ್ನು ನೆಲದ ಗುಂಡಿಗೆ ಬಿಡುತ್ತಿದ್ದರು. ಬಾವಿ ಕೆಟ್ಟಿದೆ ಎಂದು ಸೊಸೆ ದೂರು ಬರೆದಿದ್ದಳು. ಅಟೆಂಡರ್ ಎರಡು ಸಲ ಹೋಗಿ ಬಾಟಲಿ ತಂದಿದ್ದ. ಎರಡು ಸಲವೂ ನೀರು ಶುದ್ಧವೆಂದೇ ವರದಿ ಬಂತು. ನಾನು ಸಹಿ ಹಾಕಿದೆ. ಆಕೆ ಮೂರನೆಯ ದೂರು ಬರೆದಾಗ ನಾನೇ ಹೊರಟೆ.

ಬಾಟಲಿ ಹೊರತೆಗೆದದ್ದೇ ತಡ, ಅಜ್ಜಿ ಒಳಗಿನಿಂದ ಥಳಥಳ ಬೆಳಗಿದ ತಂಬಿಗೆ ತಂದು ಬಾಟಲಿಗೆ ಬಗ್ಗಿಸತೊಡಗಿದರು. ಯಾವ ನೀರು ಎಂದು ಕೇಳಿದೆ.

"ದೇವಸ್ಥಾನದ ಹತ್ರ ಇರೋ ಬೋರಿಂದು. ಮೂರು ಮಡಿಕೆ ಬಟ್ಟೇಲಿ ಸೋಸಿದೀನಿ. ಮನೆ ಬಾಗಿಲಿಗೆ ಬಂದ ಆಫೀಸರಿಗೆ ಗಲೀಜು ನೀರು ಕೊಡೋಕಾಗತ್ತೇನಪ್ಪಾ?"

ಹಿಂದಿನ ಎರಡು ಬಾಟಲಿಗಳೂ, ಸೊಸೆ ಬೋರಿಗೆ ಹೋಗಿದ್ದಾಗ, ಇದೇ ತಂಬಿಗೆಯಿಂದ ತುಂಬಿದ್ದವು. ಹೌದೆಂದು ಅಟೆಂಡರ್ ಒಪ್ಪಿಕೊಂಡ. ಕಾಫಿ ಕೊಟ್ಟು ನೀರನ್ನೂ ಕೈಗಿಟ್ಟ ಮೇಲೆ ಅವರ ಹಿತ್ತಲಿಗೆ ಇಣುಕುವುದು ಮರ್ಯಾದೆಯಲ್ಲ ಅನ್ನಿಸಿತಂತೆ.

ಹಿತ್ತಲಿಗೆ ಹೋಗಿ ನಾನೇ ಕೊಡ ಇಳಿಸಿದೆ. ಮೇಲೆ ಬಂದ ನೀರು ಹಳದಿ, ಕುದುರೆಯ ಮೂತ್ರದ ಬಣ್ಣ. ಬಾವಿಯ ಕಟ್ಟೆಗೆ ಅದೇ ಬಣ್ಣದ ಕಲೆ ಹತ್ತಿತ್ತು. ಶೆಡ್ಡಿನ ಆಮ್ಲದ ಘಾಟು ಅಲ್ಲಿಯವರೆಗೂ ಬರುತ್ತಿತ್ತು. ಕುಡಿಯಲು ಬೋರಿನ ನೀರು ಹೊತ್ತು ತರುತ್ತಿದ್ದರು. ಪಾತ್ರೆ, ಬಟ್ಟೆ, ಮಗುವಿನ ಸ್ನಾನ ಎಲ್ಲವೂ ಈ ಬಾವಿಯದರಲ್ಲೇ. ಸೊಸೆ ಕೈ ಚಾಚಿದಳು. ಬೆರಳಿನ ಗೆಣ್ಣುಗಳ ಮೇಲೆ ಉದ್ದಿನ ಕಾಳಿನಷ್ಟು ಗಾತ್ರದ ತೂತುಗಳು, ಅಂಚು ಗಟ್ಟಿ, ನಡುವೆ ಹಸಿ ಹುಣ್ಣು.

"ನಿಮ್ಮ ಕಾಗದ ಬಂದ ಮೇಲೆ ಮಗೂನ ಮತ್ತೆ ಇದ್ರಲ್ಲೇ ಮೀಯಿಸ್ದೆ ಸಾರ್. ಸರ್ಕಾರದೋರೇ ಚೆನ್ನಾಗಿದೆ ಅಂದ್ರಲ್ಲ."

ಅವಳು ಒಳಗಿನಿಂದ ಎತ್ತಿ ತಂದ ಮಗುವಿನ ತೊಡೆಯಲ್ಲಿ ಕೆಂಪು ಗಂಧೆಗಳೆದ್ದಿದ್ದವು. ಶೆಡ್ಡಿನವನ ಮೇಲೆ ಹುಟ್ಟಿದ ಹೇಸಿಗೆ ನನ್ನ ಸಹಿಯ ಮೇಲೂ ಹುಟ್ಟಿತು. ಅಟೆಂಡರನನ್ನು ಬೈಯುವಂತಿರಲಿಲ್ಲ. ಮಾದರಿ ತೆಗೆಯುವವನು ಕೊಡವನ್ನು ತಾನೇ ಇಳಿಸಬೇಕು ಎಂದು ಅವನಿಗೆ ಹೇಳಿಕೊಡದವನು ನಾನೇ.

ಬಾಟಲಿಯಲ್ಲಿದ್ದ ಬೋರಿನ ನೀರು ಚೆಲ್ಲಿ, ಬಾವಿಯ ನೀರಿನಿಂದ ಎರಡು ಸಲ ಗಲಬರಿಸಿ ತುಂಬಿದೆ, ಅರಗಿನಿಂದ ಬಾಯಿ ಮುಚ್ಚಿದೆ. ಅಜ್ಜಿ ಬೇಸರದಿಂದ, "ಈ ಹೊಲಸೇ ಬೇಕು ಅಂತ ಮೊದಲೇ ಹೇಳಿದ್ರೆ ಹಂಡೆಗಟ್ಟಲೆ ಕೊಡ್ತಿದ್ನಲ್ಲ" ಎಂದರು. ಮಗುವನ್ನು ಆಸ್ಪತ್ರೆಗೆ ತೋರಿಸಲು ಸೊಸೆಗೆ ಚೀಟಿ ಬರೆದುಕೊಟ್ಟೆ. ರಾಟೆಯ ಹಗ್ಗ ಬಿಚ್ಚಿ ಸುತ್ತಿ, ಯಾರೂ ಮತ್ತೆ ಸೇದದಂತೆ ಜೊತೆಗೆ ತಂದೆ.

ಹತ್ತೂವರೆಗೆ ಬಾಟಲಿ ಪ್ರಯೋಗಾಲಯಕ್ಕೆ ಸೇರಿತು. ಸಂಜೆ ಐದಕ್ಕೆ ಮೊದಲು ನನ್ನ ಎರಡೂ ವರದಿಗಳ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, "ಬಾವಿಯ ನೀರಲ್ಲ" ಎಂದು ಬರೆದು, ಕೆಳಗೆ ಸಹಿ ಮಾಡಿದೆ.