ಕೊಬ್ಬರಿ ಎಣ್ಣೆಯಲ್ಲಿ ಬರೆದ ಚಿತ್ರ

ಇವತ್ತಿಗೂ ಯಾರಾದರೂ ಬಾಗಿಲಲ್ಲಿ ನಿಂತು "ಕುಂಕುಮ ತಗೊಂಡು ಹೋಗಮ್ಮ" ಎಂದರೆ ನನಗೆ ಮೈ ಉರಿಯುತ್ತದೆ. ಕರೆದವರ ತಪ್ಪೇನಿಲ್ಲ, ಗೊತ್ತು. ಆದರೂ ಉರಿಯುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮದು ಗುಬ್ಬಿ, ಮನೆಯ ಹಿಂದೆಯೇ ತೆಂಗಿನ ತೋಟ. ಪ್ರತಿ ಭಾನುವಾರ ರೈಲಿನಲ್ಲಿ ತುಮಕೂರಿಗೆ ಹೋಗಿ, ಶಿರಾ ಗೇಟ್ ಹತ್ತಿರದ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ ಎಣ್ಣೆ ಬಣ್ಣದ ಚಿತ್ರ ಕಲಿಯುತ್ತಿದ್ದೆ. ಕಲಿಯುವವರು ಮೂವರು ಗಂಡಸರು, ನಾನೊಬ್ಬಳು. ಮೇಷ್ಟ್ರು ಸ್ಟೂಲಿನ ಮೇಲೆ ಹಿತ್ತಾಳೆ ಚೊಂಬು, ಎರಡು ನಿಂಬೆಹಣ್ಣು ಇಟ್ಟು, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎನ್ನುತ್ತಿದ್ದರು. ಬಣ್ಣವನ್ನು ತಾವೇ ಹದವಾಗಿ ಕಲಸಿ ನಮ್ಮ ತಟ್ಟೆಗಳಿಗೆ ಹಾಕಿಕೊಡುತ್ತಿದ್ದರು.

ಕಲಿಸುವುದರಲ್ಲಿ ಗಟ್ಟಿಗರು. ಸಿಟ್ಟಿನಲ್ಲೂ ಅದನ್ನು ಒಪ್ಪಿಕೊಳ್ಳುತ್ತೇನೆ. ನಾನು ಚೊಂಬಿಗೆಲ್ಲ ಹಳದಿ ಬಳಿದು ಕೂತಿದ್ದಾಗ, "ಚೊಂಬು ಬರೀಬೇಡ ಕಣಮ್ಮ, ಅದರ ಮೇಲೆ ಬಿದ್ದಿರೋ ಕಿಟಕಿ ಬರಿ" ಎಂದರು. ನೋಡಿದೆ. ಚೊಂಬಿನ ಹೊಟ್ಟೆಯ ಮೇಲೆ ಬಾಗಿದ ಪುಟ್ಟ ಕಿಟಕಿ, ಸರಳುಗಳ ಸಮೇತ. ಹುಣಸೆಹಣ್ಣು ಹಾಕಿ ಅಷ್ಟು ಚೊಂಬು ಉಜ್ಜಿದವಳು ನಾನು, ಒಂದು ದಿನವೂ ಅದು ಕಂಡಿರಲಿಲ್ಲ.

ಪಾಠ ಮುಗಿದ ಕೂಡಲೇ ಮೇಷ್ಟ್ರ ಹೆಂಡತಿ ಒಳಗಿನಿಂದ ಕರೆಯುತ್ತಿದ್ದರು. "ಬಾರಮ್ಮ, ಕುಂಕುಮ ಇಟ್ಕೊಂಡು ಹೋಗು. ಹೆಣ್ಮಗು ಹಂಗೇ ಹೋಗಬಾರ್ದು." ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ದೇವರ ಗೂಡು. ಅಲ್ಲಿ ನಿಂತು ಕುಂಕುಮ, ಹೂವು, ಒಂದು ಲೋಟ ಕಾಫಿ. ಗಂಡಸರ ಕಾಫಿ ಹೊರಗೆ ಜಗಲಿಯಲ್ಲಿ, ಮೇಷ್ಟ್ರ ಜೊತೆ. ಅಲ್ಲಿ ಏನು ಮಾತಾಡುತ್ತಾರೆಂದು ನಾನು ಯಾವತ್ತೂ ಕೇಳಲಿಲ್ಲ. ಬರೀ ಹರಟೆ ಎಂದುಕೊಂಡಿದ್ದೆ.

ಎರಡು ವರ್ಷವಾದ ಮೇಲೆ ಕುಣಿಗಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಖಾಲಿಯಾಯಿತು. ಎದುರಿಗಿಟ್ಟ ವಸ್ತುಗಳನ್ನು ನೋಡಿ ಬರೆದ ಒಂದು ಎಣ್ಣೆ ಬಣ್ಣದ ಚಿತ್ರ ತರಬೇಕು ಎಂದಿದ್ದರು. ಆ ಕೆಲಸ ನನಗೆ ಬೇಕಿತ್ತು. ಹೊಟ್ಟೆಗಿಲ್ಲದೆ ಅಲ್ಲ, ನಾನು ಬರೆದದ್ದಕ್ಕೆ ಒಂದು ಬೆಲೆ ಇದೆ ಎಂದು ಒಬ್ಬರಾದರೂ ಹೇಳಲಿ ಎಂದು. ಬಣ್ಣದ ಟ್ಯೂಬು ತಂದು ಮನೆಯಲ್ಲೇ ಕೂತೆ. ಚೊಂಬು, ನಿಂಬೆಹಣ್ಣು, ಒಡೆದ ತೆಂಗಿನಕಾಯಿ. ಗಟ್ಟಿಯಾದರೆ ಎಣ್ಣೆ ಬೆರೆಸಿಕೊಳ್ಳಿ ಎಂದು ಮೇಷ್ಟ್ರು ಹೇಳುತ್ತಿದ್ದದ್ದು ನೆನಪಿತ್ತು. ನಮ್ಮ ಮನೆಯಲ್ಲಿ ಎಣ್ಣೆ ಎಂದರೆ ಒಂದೇ. ನಮ್ಮದೇ ಕೊಬ್ಬರಿ, ನಮ್ಮೂರ ಗಾಣ. ಕುಂಚ ಬೆಣ್ಣೆಯಲ್ಲಿ ಆಡಿದ ಹಾಗೆ ಆಡಿತು. ಅಂಥ ಚೊಂಬನ್ನು ನಾನು ಮತ್ತೆ ಬರೆದಿಲ್ಲ.

ಒಂದು ತಿಂಗಳಾದರೂ ಅದು ಒಣಗಲಿಲ್ಲ. "ಇನ್ನೂ ಒಣಗಿಲ್ವೇನೇ? ಸಂಡಿಗೆ ಆದ್ರೂ ಮೂರು ದಿನಕ್ಕೆ ಒಣಗ್ತದೆ" ಎಂದು ಅಮ್ಮ ರೇಗಿಸಿದಳು. ಮೇಷ್ಟ್ರನ್ನು ಕೇಳಿದೆ. "ಎಣ್ಣೆ ಬಣ್ಣ ನಿಧಾನ ಕಣಮ್ಮ, ಮಳೆಗಾಲ ಬೇರೆ" ಎಂದರು. ಯಾವ ಎಣ್ಣೆ ಹಾಕಿದೆ ಎಂದು ಕೇಳಲು ಅವರಿಗೆ ನಾಲಿಗೆ ಇರಲಿಲ್ಲವೇ?

ಚಿತ್ರಕ್ಕೆ ಅಪ್ಪನ ಪಂಚೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕುಣಿಗಲ್ಲಿನ ಬಸ್ಸಿನಲ್ಲಿ ಹೋದೆ. ಶಾಲೆಯ ಸಮಿತಿಯವರ ಮುಂದೆ ಪಂಚೆ ಬಿಚ್ಚಿದಾಗ ತೆಂಗಿನಕಾಯಿಯ ಬಣ್ಣ ಪಂಚೆಗೇ ಅಂಟಿ ಬಂದುಬಿಟ್ಟಿತು. ಚೊಂಬು ಕೆಸರಾಗಿತ್ತು. ಒಬ್ಬರು ಮೂಸಿ ನೋಡಿ, "ಇದೇನಮ್ಮ, ಚಿತ್ರಕ್ಕೂ ತಲೆಗೆ ಹಚ್ಕೊಳ್ಳೋ ಎಣ್ಣೆನೇನಾ?" ಎಂದರು. ಎಲ್ಲರೂ ನಕ್ಕರು. ಕೆಲಸ ನಮ್ಮ ಜೊತೆ ಕಲಿಯುತ್ತಿದ್ದ ಮೂವರಲ್ಲಿ ಒಬ್ಬನಿಗೆ ಹೋಯಿತು.

ಮುಂದಿನ ಭಾನುವಾರ ಪಾಠ ಮುಗಿಯುವವರೆಗೆ ಹಲ್ಲು ಕಚ್ಚಿಕೊಂಡಿದ್ದು, ಆಮೇಲೆ ಕೊಬ್ಬರಿ ಎಣ್ಣೆ ಬೆರೆಸಿದ ಬಣ್ಣ ಯಾಕೆ ಒಣಗಲಿಲ್ಲ ಎಂದು ಮೇಷ್ಟ್ರನ್ನು ಕೇಳಿದೆ.

"ಕೊಬ್ಬರಿ ಎಣ್ಣೆನಾ? ಅದು ಜನ್ಮದಲ್ಲಿ ಒಣಗಲ್ಲ. ಒಣಗೋದು ಅಗಸೆ ಎಣ್ಣೆ, ಅದನ್ನೇ ಹಾಕಿ ಅಂತ ಎಲ್ರಿಗೂ ಹೇಳಿದ್ನಲ್ಲಮ್ಮ."

"ಯಾವಾಗ ಹೇಳಿದ್ರಿ ಮೇಷ್ಟ್ರೇ?"

ಅವರು ಯೋಚಿಸಿದರು. "ಇಲ್ಲೇ, ಜಗಲೀಲಿ. ನೀನು ಒಳಗಿದ್ದೆ ಅಂತ ಕಾಣ್ತದೆ."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಕಾಲು ತಾನೇ ಹೋಯಿತು. ಎರಡು ವರ್ಷದ ಅಭ್ಯಾಸ. ದೇವರ ಗೂಡಿನ ಪಕ್ಕ, ಕಿಟಕಿಯ ಬಿಸಿಲಿನಲ್ಲಿ, ಹೊಂಬಣ್ಣದ ಎಣ್ಣೆ ತುಂಬಿದ ಎರಡು ಸೀಸೆ. ಪ್ರತಿ ಭಾನುವಾರ ಅವು ಅಲ್ಲೇ ಇರುತ್ತಿದ್ದವು. ದೀಪದ ಎಣ್ಣೆ ಎಂದುಕೊಂಡಿದ್ದೆ.

"ಇದೇನಮ್ಮ?" ಎಂದೆ.

"ಅವರ ಬಣ್ಣಕ್ಕೆ ಹಾಕೋ ಅಗಸೆ ಎಣ್ಣೆ ಕಣೇ. ಬಿಸಿಲಿಗಿಟ್ಟು ತಿಳಿ ಮಾಡಿಕೊಡೋಳು ನಾನೇ. ಕೇಳಿದ್ರೆ ಹೇಳ್ತಿದ್ನಲ್ಲ!"

ಅವರ ಮೇಲೆ ಬಂದ ಸಿಟ್ಟು ಅರ್ಧ ದಾರಿಯಲ್ಲಿ ನನ್ನ ಮೇಲೇ ತಿರುಗಿತು. ಚೊಂಬಿನ ಮೇಲಿನ ಕಿಟಕಿ ನೋಡಲು ಕಲಿತವಳಿಗೆ ಕಿಟಕಿಯಲ್ಲಿದ್ದ ಸೀಸೆ ಕಾಣಲಿಲ್ಲ. ಅವರು ಕುಂಕುಮದ ಬಟ್ಟಲು ಎತ್ತಿಕೊಂಡರು.

"ಕುಂಕುಮ ಬೇಡಮ್ಮ. ಆ ಸೀಸೆ ಕೊಡಿ."

ಅವರು ಬಟ್ಟಲು ಕೆಳಗಿಟ್ಟು, ಸೀಸೆಯನ್ನು ಸೆರಗಿನಿಂದ ಒರೆಸಿ ಕೊಟ್ಟರು. ಅದನ್ನು ಹಿಡಿದು ಜಗಲಿಗೆ ಬಂದೆ. ಮೇಷ್ಟ್ರ ಮಾತು ಅರ್ಧಕ್ಕೇ ನಿಂತಿತು.

"ಹೇಳಿ ಮೇಷ್ಟ್ರೇ, ನಾನೂ ಕೇಳ್ತೀನಿ" ಎಂದೆ.

ಕುಣಿಗಲ್ಲಿನ ಕೆಲಸಕ್ಕೆ ಮಾರನೆಯ ದಿನ ಸೇರಬೇಕಿದ್ದವನು ಸರಿದು ಜಾಗ ಬಿಟ್ಟ.