ಮೊದಲ ಚೀಟಿ

ಸುಜಾತಾ, ಆ ಚೀಟಿಯನ್ನು ನಾನು ಗೊತ್ತಿದ್ದೇ ಎತ್ತಿದೆ. ಅದರ ಮೇಲೆ ಗುಬ್ಬಿ ಎಂದು ಬರೆದಿತ್ತು. ನನಗೆ ಓದಲು ಬರುತ್ತಿತ್ತು.

ಓದು ಬಾರದವಳು ಎಂದೇ ನನ್ನ ಕೈಯಲ್ಲಿ ಚೀಟಿ ಎತ್ತಿಸುತ್ತಿದ್ದರು. ತುಮಕೂರಿನ ಆ ಕಾಲೇಜಿನಲ್ಲಿ ನಾನು ಕಸ ಗುಡಿಸಿ, ಗಂಟೆ ಹೊಡೆದು, ಟೀ ಕೊಡುತ್ತಿದ್ದವಳು. ವರ್ಷಕ್ಕೊಮ್ಮೆ ಹೆಣ್ಣುಮಕ್ಕಳ ಹಾಕಿ ನಮ್ಮ ಮೈದಾನದಲ್ಲೇ ನಡೆಯುತ್ತಿತ್ತು. ಎಂಟು ಕಾಲೇಜು. ಹೋದ ವರ್ಷ ಗೆದ್ದವರ ಹೆಸರನ್ನು ಪಿ.ಟಿ. ಮೇಷ್ಟ್ರು ಬೋರ್ಡಿನ ಮೇಲ್ತುದಿಗೆ ಬರೆಯುತ್ತಿದ್ದರು, ಎರಡನೆಯವರನ್ನು ಕೆಳತುದಿಗೆ. ಗಟ್ಟಿಯಾದ ಎರಡು ಟೀಮು ಮೊದಲ ದಿನವೇ ಎದುರಾಗಬಾರದಲ್ಲ — ಅದಕ್ಕೆ. ಉಳಿದ ಆರು ಹೆಸರು ಚೀಟಿಯಲ್ಲಿ. ಮೊದಲು ಎತ್ತಿದ ಚೀಟಿ, ಗೆದ್ದವರ ಎದುರು. ಆ ಕಾಲದಲ್ಲಿ ಗೆಲ್ಲುತ್ತಿದ್ದವರು ಕುಣಿಗಲ್‌ನವರು. ಮೊದಲ ಚೀಟಿ ಯಾರದೋ, ಅವರು ಅವತ್ತೇ ಸಾಯಂಕಾಲ ಬಸ್ಸು ಹತ್ತುತ್ತಿದ್ದರು.

ಚೀಟಿ ಮಡಿಸುವವಳೂ ನಾನೇ. "ನಿಂಗಮ್ಮಂಗೆ ಅಕ್ಷರ ಬರಲ್ಲ, ಯಾರ ತಕರಾರೂ ಇರಲ್ಲ" ಎನ್ನುತ್ತಿದ್ದರು ಮೇಷ್ಟ್ರು.

ಅದು ಊರೂರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದ ಕಾಲ. ನಮ್ಮ ಬೀದಿಯಲ್ಲೂ ಸಾಯಂಕಾಲ ಪಾಠ ನಡೆಯುತ್ತಿತ್ತು. ಎರಡು ವರ್ಷ ಹೋದೆ. ಮೊದಲು ಓದಿದ್ದು ಬಸ್ಸಿನ ಬೋರ್ಡಿನ ಮೇಲಿನ ಗುಬ್ಬಿ. ನನ್ನ ತವರು ಗುಬ್ಬಿ ದಾಟಿ ಚೇಳೂರಿನ ಹತ್ತಿರ. ಅಲ್ಲಿಯತನಕ ಆ ಬಸ್ಸು ಹತ್ತಲು ಕಂಡವರನ್ನೆಲ್ಲ ಕೇಳಬೇಕಾಗಿತ್ತು. ಕಾಲೇಜಿನಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಬಿಟ್ಟರೆ ಚೀಟಿಯ ಕೆಲಸ ಹೋಗುತ್ತಿತ್ತು. ವರ್ಷದಲ್ಲಿ ಅದೊಂದು ದಿನ ನನ್ನನ್ನು ಮೇಲೆ ಕರೆದು ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅದೊಂದು ದಿನ ಬೇರೆಯವರು ತಂದ ಟೀ ನಾನು ಕುಡಿಯುತ್ತಿದ್ದೆ.

ಯಾರಿಗೆ ಯಾರು ಬೀಳುತ್ತಾರೆ ಎಂದು ಎಲ್ಲರೂ ಲೆಕ್ಕ ಹಾಕುವವರೇ. ಒಂದು ವರ್ಷ ತಮಾಷೆಗೆ ನಾನೂ ಒಂದು ಹೆಸರು ಹೇಳಿದೆ, ಅದೇ ಬಂತು. ಮರುವರ್ಷವೂ ಬಂತು. ಎರಡು ಸಲವೂ ತಾನಾಗಿ ಬಂದದ್ದು. ಆಮೇಲೆ ಲೆಕ್ಚರರ್‌ಗಳೂ ಟೀ ಹೀರುತ್ತಾ ನನ್ನನ್ನೇ ಕೇಳುವುದಾಯಿತು. ಮೂರನೆಯ ವರ್ಷ ಸುಳ್ಳಾಯಿತು. ನಾಲ್ಕನೆಯ ವರ್ಷ ಗುಬ್ಬಿ ಕಾಲೇಜಿನ ಟೀಮಿನಲ್ಲಿ ನೀನು ಬಂದೆ.

ಅವತ್ತು ಬೆಳಿಗ್ಗೆ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದೆಯಲ್ಲ, ಮೊಣಕಾಲಿಗೆ ಕ್ರಿಕೆಟ್ಟಿನ ಪ್ಯಾಡು ಕಟ್ಟುವ ಮುಂಚೆ. ಗೋಲ್‌ಕೀಪರಿಗೆ ಬೇರೆ ಪ್ಯಾಡು ಇರುತ್ತದಂತೆ, ಅದು ನಿಮ್ಮ ಕಾಲೇಜಿನಲ್ಲಿ ಇರಲಿಲ್ಲ. ನನ್ನ ಮಾತು ಕೇಳಿ, ನೀವೂ ನಮ್ಮ ಕಡೆಯೋರಾ ಅಮ್ಮ ಎಂದೆ. ಇವತ್ತೊಂದು ಮ್ಯಾಚ್ ಗೆದ್ದರೆ ಸಾಕು, ಯೂನಿವರ್ಸಿಟಿ ಟೀಮಿಗೆ ಆರಿಸುವವರು ನಾಳೆ ಬರುತ್ತಾರೆ, ಅದರಲ್ಲಿ ಆಡಿದರೆ ಪಿ.ಟಿ. ಟೀಚರ್ ಟ್ರೈನಿಂಗಿಗೆ ಸೀಟು ಸಿಗುತ್ತದೆ, ಇದು ಕೊನೇ ವರ್ಷ — ಎಲ್ಲ ಹೇಳಿಕೊಂಡೆ. ನಾನು ಕೇಳಿಸಿಕೊಂಡೆ. ಏನೂ ತಿಳಿಯದೆ ಮಾಡಿದೆ ಎನ್ನುವ ಹಾಗಿಲ್ಲ.

ಆಮೇಲೆ ವರಾಂಡದಲ್ಲಿ ನಮ್ಮ ಗುಮಾಸ್ತ, ನೀವೆಲ್ಲ ನಿಂತಿರುವಾಗಲೇ ಶುರು ಮಾಡಿದ.

"ಏನ್ ನಿಂಗಮ್ಮ, ಈ ಸಲ ಕುಣಿಗಲ್ ಬಾಯಿಗೆ ಯಾರು? ಇಲ್ಲಾ ಹೋದ್ವರ್ಷಕ್ಕೇ ನಿನ್ ಶಕ್ತಿ ಮುಗ್ದೋಯ್ತಾ?"

ಎಲ್ಲರೂ ನಕ್ಕರು. ನೀನೂ ನಕ್ಕೆ. "ಅಮ್ಮಾ, ನಮ್ಮನ್ ಮಾತ್ರ ಹೇಳ್ಬುಟ್ಟೀರ" ಎಂದೆ.

"ಗುಬ್ಬಿಯೋರೇ ಬರೋದು. ಬೇಕಾದ್ರೆ ಬರ್ದಿಟ್ಕೊಳ್ಳಿ" ಎಂದೆ ನಾನು.

ನಿನ್ನ ಮೇಲೆ ಸಿಟ್ಟಿರಲಿಲ್ಲ. ನೀನು ಎದುರಿಗಿದ್ದೆ, ನಿಮ್ಮ ಕಾಲೇಜಿನ ಹೆಸರು ಬಾಯಿಗೆ ಬಂತು — ಅಷ್ಟೇ. ಅಲ್ಲಿಗೇ ಬಿಟ್ಟಿದ್ದರೆ ಅದು ಬರೀ ಮಾತು.

ಮೇಷ್ಟ್ರು ಬರೆದು ಕೊಟ್ಟ ಆರು ಚೀಟಿಯಲ್ಲಿ ಐದನ್ನು ಸಡಿಲವಾಗಿ ಮಡಿಸಿದೆ. ಗುಬ್ಬಿಯದನ್ನು ಉಗುರಿನಿಂದ ತೀಡಿ ತೀಡಿ ಗಟ್ಟಿಯಾಗಿ ಮಡಿಸಿದೆ. ಸ್ಟೀಲ್ ಡಬ್ಬಕ್ಕೆ ಕೈ ಹಾಕಿದಾಗ ಬೆರಳಿಗೆ ತಾನೇ ಸಿಕ್ಕಿತು. ಬಿಟ್ಟೆ ಕೂಡ. ಬೇರೆಯದನ್ನು ಮುಟ್ಟಿದೆ, ಅರ್ಧ ಮೇಲೆತ್ತಿದೆ. ಗುಮಾಸ್ತ ಬಾಯಿ ಓರೆ ಮಾಡಿಕೊಂಡು ನೋಡುತ್ತಿದ್ದ. ಅದನ್ನು ಕೆಳಗೆ ಹಾಕಿ ಗಟ್ಟಿ ಚೀಟಿಯನ್ನು ಮತ್ತೆ ಹುಡುಕಿದೆ. ಹುಡುಕಿದೆ ಎಂದು ಬರೆಯುತ್ತಿದ್ದೇನೆ, ನೋಡಿಕೋ.

"ನಿನ್ ಬಾಯಿ ಬಲ್ ಕೆಟ್ಟದ್ದು ಕಣಮ್ಮ, ನಮ್ಮನೆ ಸುದ್ದಿ ಮಾತ್ರ ಎತ್ಬ್ಯಾಡ" ಎಂದು ಗುಮಾಸ್ತ ಕೈ ಮುಗಿದ. ಜನ ಚಪ್ಪಾಳೆ ಹೊಡೆದರು.

ನಿಮಗೆ ಆರು ಗೋಲು ಆಯಿತು. ನೀನು ತಡೆದದ್ದು ಎಷ್ಟೋ, ಅದನ್ನು ಯಾರೂ ಎಣಿಸಲಿಲ್ಲ. ಮುಗಿದ ಮೇಲೆ ನೀನು ಕಟ್ಟೆಯ ಮೇಲೆ ಕೂತು ಪ್ಯಾಡು ಬಿಚ್ಚುತ್ತಿದ್ದೆ. ಚೀಟಿ ಮುಗಿದು ಮತ್ತೆ ಟೀ ಹಂಚುತ್ತಿದ್ದ ನನ್ನ ಮುಖ ನೋಡಿ, "ನೀವ್ ಹೇಳ್ದಂಗೇ ಆಯ್ತು ಕಣಮ್ಮ" ಎಂದೆ. ನನಗೆ ಆಗ ನೋವಾಗಲಿಲ್ಲ, ಹೆಮ್ಮೆಯಾಯಿತು. ಈ ಕಾಗದದಲ್ಲಿ ಬರೆಯಲು ಎಲ್ಲಕ್ಕಿಂತ ಕಷ್ಟವಾದ ಸಾಲು ಇದು.

ಮರುದಿನ ಆರಿಸುವವರು ಬಂದರು. ಎರಡನೆಯ ದಿನಕ್ಕೆ ಉಳಿದ ಟೀಮಿನ ಒಬ್ಬಳನ್ನು ಗೋಲಿಗೆ ಆರಿಸಿದರು. ಅವಳು ನಿನ್ನ ಅರ್ಧವೂ ಇರಲಿಲ್ಲ. ಆಟ ತಿಳಿಯದ ನನಗೂ ಅಷ್ಟು ಗೊತ್ತಾಯಿತು. ಮರುವರ್ಷದಿಂದ ಕೈ ನಡುಗುತ್ತದೆ ಎಂದು ಹೇಳಿ ಚೀಟಿ ಎತ್ತುವುದನ್ನು ಬಿಟ್ಟೆ. ಅದೂ ಸುಳ್ಳೇ.

ಹತ್ತು ವರ್ಷ ಕಳೆದು, ಮೊನ್ನೆ ಮಂಗಳವಾರ ಮಂಡಿನೋವಿಗೆ ಬಟವಾಡಿಯ ಕ್ಲಿನಿಕ್ಕಿಗೆ ಬಂದೆ. ಬಾಗಿಲಲ್ಲಿ ಟೋಕನ್ ಕೊಡುತ್ತಿದ್ದವಳು ನೀನು. ನಾನು ಗುರುತು ಹಿಡಿಯುವ ಮೊದಲೇ ನೀನು ಹಿಡಿದೆ. ನೀನು ಟೋಕನ್ ಕೈಗಿಟ್ಟಾಗ "ಎಷ್ಟ್ ನಂಬರಮ್ಮ?" ಎಂದು ನಾನು ಕೇಳಿದೆ — ಹದಿನಾಲ್ಕು ಎಂದು ಕಣ್ಣಿಗೆ ಕಾಣುತ್ತಿದ್ದರೂ. ಅಷ್ಟು ಅಭ್ಯಾಸವಾಗಿಹೋಗಿದೆ.

ಪಕ್ಕದ ನರ್ಸಿಗೆ ಹೇಳಿದೆ ನೀನು: "ಇವ್ರು ಅಂದಿದ್ದು ಆಗೇ ಆಗುತ್ತೆ ಕಣೇ. ಆವತ್ತೇ ಅಂದ್ರು. ನಮ್ ಹಣೇಲಿ ಇರ್ಲಿಲ್ಲ ಬುಡು."

ಹಣೆಯಲ್ಲಿ ಯಾರೂ ಏನೂ ಬರೆದಿರಲಿಲ್ಲ, ಸುಜಾತಾ. ಬರೆದದ್ದು ಮೇಷ್ಟ್ರು. ಮಡಿಸಿದ್ದು ನಾನು.

ಸ್ಕೂಲಿನಿಂದ ಬಂದು ಬೆಂಚಿನ ಮೇಲೆ ಕೂತಿದ್ದ ನಿನ್ನ ಮಗಳನ್ನು ನನ್ನ ಮುಂದೆ ತಂದು ನಿಲ್ಲಿಸಿದೆ. "ಓಡ್ತಾಳೆ ಅಮ್ಮ, ಎಲ್ಲಾರ್ಗಿಂತ ಮುಂದೆ. ಸೋಮವಾರ ಸೆಲೆಕ್ಷನ್ ಐತೆ. ಕಳ್ಸ್ಲಾ ಬ್ಯಾಡ್ವಾ? ನಿಮ್ ಬಾಯಿಂದ ಒಂದ್ ಮಾತ್ ಹೇಳಿ."

ಹೇಳಬೇಕಾದದ್ದು ಒಂದಿತ್ತು, ನೀನು ಕೇಳಿದ್ದು ಇನ್ನೊಂದು. ಸ್ವಲ್ಪ ಹೊತ್ತು ನೋಡಿ ನೀನೇ ಮಗಳ ತಲೆ ಸವರಿದೆ. "ಹೋಗ್ಲಿ ಬುಡಿ, ಗೊತ್ತಾಯ್ತು" ಎಂದೆ. ನಾನು ಬಾಯಿಬಿಡದೆ ಕೂತದ್ದನ್ನೂ ನೀನು ಬೇಡವೆಂಬ ಭವಿಷ್ಯ ಎಂದುಕೊಂಡೆ.

ಇದನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ನಾಳೆ ಶನಿವಾರ, ಕ್ಲಿನಿಕ್ಕಿಗೆ ಬರುತ್ತೇನೆ. ಟೋಕನ್ ನಂಬರನ್ನು ನಿನ್ನ ಕೇಳುವುದಿಲ್ಲ. ಬೆಂಚಿನ ಮೇಲೆ ಕೂತು ಈ ಕಾಗದವನ್ನು ಮೊದಲಿಂದ ಕೊನೆಯವರೆಗೆ ನಾನೇ ಓದುತ್ತೇನೆ, ಅಲ್ಲಿ ಕೂತವರೆಲ್ಲ ಕೇಳಲಿ. ನಾನು ಓದುವುದನ್ನು ಕಂಡರೆ ಮಿಕ್ಕದ್ದನ್ನು ನೀನು ನಂಬುತ್ತೀಯ. ಎದ್ದು ಹೋಗು ಎಂದರೆ ಹೋಗುತ್ತೇನೆ.

ಸೋಮವಾರ ಮಗಳನ್ನು ಕಳಿಸು. ಗೆಲ್ಲುತ್ತಾಳೋ ಸೋಲುತ್ತಾಳೋ ನನಗೆ ಗೊತ್ತಿಲ್ಲ. ನನಗೆ ಯಾವತ್ತೂ ಗೊತ್ತಿರಲಿಲ್ಲ.